ಹಳಕಟ್ಟಿಯವರ ಪುಸ್ತಕ ಈಗ ಎಲ್ಲರದು, ಮುಂದೇನು?

1880ರ ಜುಲೈ 2ರಂದು ಧಾರವಾಡದಲ್ಲಿ ಫ. ಗು. ಹಳಕಟ್ಟಿಯವರು ಹುಟ್ಟಿದರು. ಹತ್ತು ದಿನಗಳ ನಂತರ, ಅದೇ ತಿಂಗಳ 12ರಂದು, ವಿಜಾಪುರದಲ್ಲಿ ಆಲೂರ ವೆಂಕಟರಾಯರು ಹುಟ್ಟಿದರು. ಇಬ್ಬರೂ ಮುಂದೆ ವಕೀಲಿ ಓದಿದರು. ಧಾರವಾಡದವರು ವಿಜಾಪುರದಲ್ಲಿ ನೆಲೆಸಿ ವಚನಗಳಿಗಾಗಿ ಜೀವ ತೇದರೆ, ವಿಜಾಪುರದವರು ಧಾರವಾಡಕ್ಕೆ ಬಂದು ಕರ್ನಾಟಕದ ಕುಲಪುರೋಹಿತರೆನಿಸಿಕೊಂಡರು. ಊರುಗಳನ್ನು ಹೀಗೆ ಅದಲುಬದಲು ಮಾಡಿಕೊಂಡ ಈ ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1964ರಲ್ಲಿ. ಆಲೂರರು ಫೆಬ್ರವರಿಯಲ್ಲಿ, ಹಳಕಟ್ಟಿಯವರು ಜೂನ್ ತಿಂಗಳಲ್ಲಿ.

ಈ ಕಾಕತಾಳೀಯಕ್ಕೆ ಕಾನೂನಿನಲ್ಲಿ ಒಂದು ಫಲವುಂಟು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಮರಣಾನಂತರ 60 ವರ್ಷಗಳವರೆಗೆ ಅವನ ಬರಹದ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. ಮೊದಲು ಇದ್ದದ್ದು 50 ವರ್ಷ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಗದ್ದಲವೆದ್ದು, 1992ರಲ್ಲಿ ಹತ್ತು ವರ್ಷ ಸೇರಿಸಲಾಯಿತು. ಲೆಕ್ಕ ಹಿಡಿಯುವುದು ಮರಣದ ಮುಂದಿನ ಜನವರಿ ಒಂದರಿಂದ. ಹೀಗಾಗಿ 2024ರ ಡಿಸೆಂಬರ್ 31ಕ್ಕೆ ಆಲೂರರ ‘ಕರ್ನಾಟಕ ಗತವೈಭವ’ದ ಮೇಲೂ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೇಲೂ ಇದ್ದ ಖಾಸಗಿ ಹಕ್ಕು ಮುಗಿಯಿತು. ಮರುದಿನ ಬೆಳಗಿನಿಂದ ಅವು ಸಾರ್ವಜನಿಕರ ಸೊತ್ತು. ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅನುವಾದಿಸಬಹುದು, ನಾಟಕ ಮಾಡಬಹುದು, ಅಂತರಜಾಲದಲ್ಲಿ ಇಟ್ಟು ಹತ್ತು ಜನ ಕೂಡಿ ಅದರ ಮೇಲೆ ಕೆಲಸ ಮಾಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಕಾಯಿದೆ ಬಾಗಿಲು ತೆರೆದ ಮಾತ್ರಕ್ಕೆ ಮನೆಯೊಳಗಿನ ಸಾಮಾನು ಕೈಗೆ ಬರುವುದಿಲ್ಲ. ಅಂತರಜಾಲದಲ್ಲಿ ಒಂದು ಪುಸ್ತಕ ‘ಇದೆ’ ಎನ್ನುವುದು ಬೇರೆ, ಅದನ್ನು ಹಲವರು ಕೂಡಿ ‘ಬಳಸಬಹುದು’ ಎನ್ನುವುದು ಬೇರೆ. ಈ ಎರಡರ ನಡುವಿನ ದೂರವನ್ನು ತಿಳಿಯದೆ ನಾವು ಸಾವಿರಗಟ್ಟಲೆ ಪುಟಗಳನ್ನು ಜಾಲಕ್ಕೆ ಏರಿಸಿ ಕೈತೊಳೆದುಕೊಂಡಿದ್ದೇವೆ.

ಹಳೆಯ ಕನ್ನಡ ಪುಸ್ತಕಗಳು ಜಾಲದಲ್ಲಿ ಸಿಗುವುದು ಹೆಚ್ಚಾಗಿ ಚಿತ್ರರೂಪದಲ್ಲಿ. ಭಾರತದ ಡಿಜಿಟಲ್ ಗ್ರಂಥಾಲಯವೆಂಬ ಸರ್ಕಾರಿ ಯೋಜನೆಯಲ್ಲಿ ದೇಶದ ಅನೇಕ ಗ್ರಂಥಾಲಯಗಳ ಪುಸ್ತಕಗಳನ್ನು ಪುಟಪುಟವೂ ಸ್ಕ್ಯಾನ್ ಮಾಡಲಾಯಿತು. ಆ ತಾಣ ಮುಂದೆ ಮುಚ್ಚಿಹೋದರೂ ಅದರ ಪ್ರತಿಗಳು ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಉಳಿದುಕೊಂಡದ್ದು ನಮ್ಮ ಪುಣ್ಯ. ಆದರೆ ಸ್ಕ್ಯಾನ್ ಎಂದರೆ ಪುಟದ ಫೋಟೋ. ಮನುಷ್ಯ ಅದನ್ನು ಓದಬಲ್ಲ. ಗಣಕಯಂತ್ರಕ್ಕೆ ಅದು ಕಪ್ಪು-ಬಿಳಿ ಚುಕ್ಕೆಗಳ ರಾಶಿ. ಆಲೂರರು ‘ಚಾಲುಕ್ಯ’ ಎಂಬ ಶಬ್ದವನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ಕೇಳಿದರೆ ಅದು ಸುಮ್ಮನಿರುತ್ತದೆ. ಒಂದು ಸಾಲನ್ನು ಎತ್ತಿಕೊಂಡು ಪಾಠದ ಟಿಪ್ಪಣಿಗೆ ಸೇರಿಸಲಾಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಮೂಕ.

ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶಗಳು ಈಚೆಗೆ ಸುಧಾರಿಸಿವೆ, ನಿಜ. ಆದರೂ ಕನ್ನಡದ ಒತ್ತಕ್ಷರಗಳು ಅವಕ್ಕೆ ಇನ್ನೂ ತೊಡಕು. ಮೊಳೆ ಜೋಡಿಸಿ ಅಚ್ಚು ಮಾಡಿದ ಹಳೆಯ ಪುಸ್ತಕಗಳಲ್ಲಿ ಒತ್ತು ಸವೆದಿರುತ್ತದೆ, ಶಾಯಿ ಹರಡಿರುತ್ತದೆ. ‘ಪ’ಗೂ ‘ಷ’ಗೂ, ‘ಘ’ಗೂ ‘ಫ’ಗೂ ವ್ಯತ್ಯಾಸ ತಪ್ಪಿಹೋಗುತ್ತದೆ. ಯಂತ್ರ ತೆಗೆದುಕೊಟ್ಟ ಪಠ್ಯವನ್ನು ಮನುಷ್ಯ ಕುಳಿತು ಮೂಲದೊಡನೆ ಹೋಲಿಸಿ ತಿದ್ದಲೇಬೇಕು.

ಇದಕ್ಕಿಂತ ವಿಚಿತ್ರವಾದದ್ದು 1990ರ ದಶಕದಿಂದೀಚಿನ ಪುಸ್ತಕಗಳ ಕಥೆ. ಆಗ ಹುಬ್ಬಳ್ಳಿ, ಗದಗ, ಧಾರವಾಡದ ಅಚ್ಚುಕೂಟಗಳು ಮೊಳೆಗಳನ್ನು ಬದಿಗಿಟ್ಟು ಗಣಕಕ್ಕೆ ತಿರುಗಿದವು. ಪುಸ್ತಕಗಳು ಕೀಲಿಮಣೆಯಲ್ಲೇ ಹುಟ್ಟಿದವು. ಹಾಗಾದರೆ ಅವು ಅಕ್ಷರರೂಪದಲ್ಲೇ ಇರಬೇಕಲ್ಲ? ಇವೆ, ಆದರೆ ಮುಖವಾಡ ಹಾಕಿಕೊಂಡಿವೆ. ಹಳೆಯ ಫಾಂಟುಗಳಲ್ಲಿ ಗಣಕ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಇಂಗ್ಲಿಷಿನ ಅಕ್ಷರಗಳನ್ನೂ ಚಿಹ್ನೆಗಳನ್ನೂ; ಅವುಗಳ ಜಾಗದಲ್ಲಿ ಕನ್ನಡದ ಆಕಾರದ ಚೂರುಗಳನ್ನು ಬರೆದು ತೋರಿಸುತ್ತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಡಿಟಿಪಿ ಅಂಗಡಿಗೆ ಹೋಗಿ ಬಂದವರೆಲ್ಲರೂ ಈ ಸಂತೆಯನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಒಂದೊಂದು ಕಂಪನಿಯ ಫಾಂಟಿಗೆ ಒಂದೊಂದು ಸಂಕೇತವಿದ್ದುದರಿಂದ ಒಂದು ಅಚ್ಚುಕೂಟದ ಕಡತ ಇನ್ನೊಂದಕ್ಕೆ ದಕ್ಕುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಬಂದ ಮೇಲೆ ಈ ಅರಾಜಕತೆ ಎಷ್ಟೋ ಕಡಿಮೆಯಾಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಪೂರ್ತಿ ಪರಿಹಾರ ಬಂದದ್ದು ಯೂನಿಕೋಡ್‌ನಿಂದ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಕ್ರಮಸಂಖ್ಯೆ ಕೊಡುವ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ‘ಕ’ ಎಂದರೆ 3221, ಗುಡಿಸು 3263. ‘ಕಿ’ ಬರೆದರೆ ಗಣಕ ಈ ಎರಡು ಸಂಖ್ಯೆಗಳನ್ನು ನೆನಪಿಡುತ್ತದೆ. ‘ಕ್ಷ’ ಎಂದರೆ ಮೂರು: 3221, ವಿರಾಮಚಿಹ್ನೆಯ 3277, ‘ಷ’ಕಾರದ 3255. ಫಾಂಟು ಯಾವುದಾದರೂ ಇರಲಿ, ಯಂತ್ರ ಧಾರವಾಡದಲ್ಲಿರಲಿ ಡಲ್ಲಾಸಿನಲ್ಲಿರಲಿ, ಸಂಖ್ಯೆ ಬದಲಾಗುವುದಿಲ್ಲ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ‘ಧರ್ಮ’ದಂಥ ಸಾದಾ ಶಬ್ದದಲ್ಲಿಯೂ ಅವು ಎಡವಬಹುದು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ‘ಮ’ಕಾರದ ನಂತರ ಕೂಡುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಇನ್ನೊಂದು ಉಪದ್ರವ ಸೊನ್ನೆಯದು. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ನೋಡಲು ಒಂದೇ. ಬೆರಳಚ್ಚಿಸುವವರು ಒಂದರ ಬದಲು ಇನ್ನೊಂದನ್ನು ಒತ್ತಿದ್ದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ, ‘ಸಂಗಮ’ ಎಂದು ಹುಡುಕಿದವರಿಗೆ ಮಾತ್ರ ಆ ‘ಸಂಗಮ’ ಸಿಗುವುದಿಲ್ಲ. ಕಣ್ಣಿಗೆ ಕಾಣದ ಇಂಥ ತಪ್ಪುಗಳನ್ನು ತೊಳೆಯುವುದರಲ್ಲೇ ಈ ಕೆಲಸದ ಬಹುಪಾಲು ಬೆವರು ಹರಿಯುತ್ತದೆ.

ಇಷ್ಟೆಲ್ಲ ಪಾಡುಪಟ್ಟರೆ ಏನು ಸಿಗುತ್ತದೆ? ಉತ್ತರಕ್ಕೆ ವಚನಗಳ ಉದಾಹರಣೆಯೇ ಸಾಕು.

ಹಳಕಟ್ಟಿಯವರು ಮಠಗಳನ್ನೂ ಮನೆಗಳನ್ನೂ ತಿರುಗಿ ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂದಿತು. 1925ರಲ್ಲಿ ವಿಜಾಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಇದಕ್ಕಾಗಿ ಮನೆಯನ್ನೇ ಮಾರಿಕೊಂಡರು. ಅವರ ನಂತರ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಆರ್. ಸಿ. ಹಿರೇಮಠರೂ ಅವರ ಸಂಗಡಿಗರೂ ಹಸ್ತಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಪಾಠಾಂತರ ಗುರುತಿಸಿ, ವಚನಕಾರರ ಸಂಪುಟಗಳನ್ನು ತಂದರು. ಆ ಪರಂಪರೆಯ ಫಲವಾಗಿ 1993ರಲ್ಲಿ, ಧಾರವಾಡದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ರಾಜ್ಯ ಸರ್ಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು.

ಸುಮಾರು ಒಂದು ದಶಕದ ಹಿಂದೆ ಓ. ಎಲ್. ನಾಗಭೂಷಣ ಸ್ವಾಮಿ, ಕಥೆಗಾರ ವಸುಧೇಂದ್ರ, ತಂತ್ರಜ್ಞ ಓಂಶಿವಪ್ರಕಾಶ್ ಮೊದಲಾದವರು ಕೂಡಿ ಈ ವಚನಗಳನ್ನು ಹಳೆಯ ಸಂಕೇತದಿಂದ ಯೂನಿಕೋಡಿಗೆ ತಂದು ‘ವಚನ ಸಂಚಯ’ ಎಂಬ ಜಾಲತಾಣ ಕಟ್ಟಿದರು. 200ಕ್ಕೂ ಹೆಚ್ಚು ವಚನಕಾರರ 20 ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಒಂದು ಶಬ್ದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿ ಬಂದಿದೆಯೆಂದು ಕೂಡಲೇ ತೋರಿಸುತ್ತದೆ. ‘ಕಾಯಕ’ ಶಬ್ದವನ್ನು ಬಸವಣ್ಣನವರೆಷ್ಟು ಬಳಸಿದ್ದಾರೆ, ಆಯ್ದಕ್ಕಿ ಲಕ್ಕಮ್ಮ ಹೇಗೆ ಬಳಸಿದ್ದಾಳೆ ಎಂದು ನೋಡಲು ಹಿಂದೆ ಸಂಶೋಧಕರು ಚೀಟಿ ಬರೆದು ಪೆಟ್ಟಿಗೆ ತುಂಬಿಸುತ್ತಿದ್ದರು; ಈಗ ಹಳ್ಳಿಯ ಪ್ರೌಢಶಾಲೆಯ ಹುಡುಗಿ ಅದನ್ನು ಮೊಬೈಲಿನಲ್ಲಿ ಮಾಡಬಲ್ಲಳು. ಅದೇ ಪಠ್ಯ ಕನ್ನಡ ‘ವಿಕಿಸೋರ್ಸ್’ಗೂ ಹೋಯಿತು. ಒಮ್ಮೆ ಶುದ್ಧಮಾಡಿದ ಪಠ್ಯಕ್ಕೆ ಎರಡನೆಯ, ಮೂರನೆಯ ಉಪಯೋಗ ಒದಗುವುದೆಂದರೆ ಇದು.

ವಿಕಿಸೋರ್ಸ್‌ನ ಹೆಸರು ಕೇಳದವರಿಗಾಗಿ ಎರಡು ಮಾತು. ವಿಕಿಪೀಡಿಯ ಎಂಬ ವಿಶ್ವಕೋಶವನ್ನು ಬಹುಮಂದಿ ಬಲ್ಲರು. ಕನ್ನಡದಲ್ಲಿ ಅದು 2003ರಲ್ಲಿ ಶುರುವಾಗಿ ಈಗ 30 ಸಾವಿರ ಲೇಖನಗಳನ್ನು ದಾಟಿದೆ. ಅದರ ತಂಗಿಯಾದ ವಿಕಿಸೋರ್ಸ್ ಮೂಲಗ್ರಂಥಗಳ ಭಂಡಾರ. ಓದುಗರೇ ಪುಟವನ್ನು ತಿದ್ದಬಹುದಾದ ‘ವಿಕಿ’ ಎಂಬ ಏರ್ಪಾಟನ್ನು 1995ರಲ್ಲಿ ಮೊದಲು ಮಾಡಿದವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡುವ ‘ವಿಕಿ ವಿಕಿ’ ಬಸ್ಸಿನಿಂದ ಹೆಸರು ತೆಗೆದುಕೊಂಡರು; ಹವಾಯಿ ಭಾಷೆಯಲ್ಲಿ ಹಾಗೆಂದರೆ ‘ಬೇಗ’. ನಮ್ಮಲ್ಲಿ ಕರಡು ತಿದ್ದುವ ಕೆಲಸಕ್ಕೆ ಇದಕ್ಕಿಂತ ಹೊಂದದ ಹೆಸರು ಇರಲಾರದು.

ಏಕೆಂದರೆ ವಿಕಿಸೋರ್ಸ್ ಪದ್ಧತಿ ನಿಧಾನದ್ದು, ಓಲೆಗರಿ ಸಂಪಾದನೆಗೆ ತೀರ ಹತ್ತಿರದ್ದು. ಪರದೆಯ ಒಂದು ಬದಿ ಮೂಲ ಪುಟದ ಚಿತ್ರ, ಇನ್ನೊಂದು ಬದಿ ಅಕ್ಷರರೂಪದ ಪಠ್ಯ. ಯಾರೂ ಮುಟ್ಟದ ಪುಟಕ್ಕೆ ಕೆಂಪು ಗುರುತು. ಒಬ್ಬರು ಹೋಲಿಸಿ ತಿದ್ದಿದರೆ ಹಳದಿ. ಮತ್ತೊಬ್ಬರು ಪುನಃ ಹೋಲಿಸಿ ಸರಿಯೆಂದರೆ ಹಸಿರು. ತಿದ್ದಿದವರೇ ತಮ್ಮ ಪುಟಕ್ಕೆ ಹಸಿರು ಕೊಟ್ಟುಕೊಳ್ಳುವಂತಿಲ್ಲ, ವ್ಯವಸ್ಥೆಯೇ ಅದನ್ನು ಬಿಡುವುದಿಲ್ಲ. ಧಾರವಾಡದವರೊಬ್ಬರು ರಾತ್ರಿ ಎರಡು ಪುಟ ತಿದ್ದಿ ಮಲಗಿದರೆ, ಕ್ಯಾಲಿಫೋರ್ನಿಯದ ಕನ್ನಡತಿಯೊಬ್ಬಳು ತನ್ನ ಹಗಲಿನಲ್ಲಿ ಅವನ್ನು ಮರುಪರಿಶೀಲಿಸಬಹುದು. ಪರಸ್ಪರ ಮುಖ ನೋಡದವರು ಒಂದೇ ಗ್ರಂಥ ಸಂಪಾದಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಇತಿಹಾಸ’ ಎಂಬ ಗುಂಡಿ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾರು ಯಾವ ಅಕ್ಷರ ಬದಲಿಸಿದರು ಎಂಬುದು ಪ್ರತಿ ಪುಟದ ಬೆನ್ನಿಗೆ ದಾಖಲಾಗಿರುತ್ತದೆ. ತಪ್ಪು ತಿದ್ದುಪಡಿಯನ್ನು ಹಿಂದಕ್ಕೆ ತಿರುಗಿಸಲು ಒಂದು ಕ್ಷಣ ಸಾಕು. ‘ಯಾರು ಬೇಕಾದರೂ ತಿದ್ದಬಹುದಾದದ್ದನ್ನು ನಂಬುವುದು ಹೇಗೆ’ ಎಂದು ಕೇಳುವವರು ಈ ಗುಂಡಿಯನ್ನು ಒಮ್ಮೆ ಒತ್ತಿ ನೋಡಬೇಕು. ಅಚ್ಚಾದ ಪುಸ್ತಕದಲ್ಲಿ ಇಷ್ಟು ಲೆಕ್ಕ ಸಿಗುವುದು ಅಪರೂಪ.

ವಚನಗಳ ವಿಷಯದಲ್ಲಿ ಇದು ಬರಿಯ ತಾಂತ್ರಿಕ ಸೌಕರ್ಯವಲ್ಲ. ‘ವಚನ ದೀಪ್ತಿ’ಯ ಪ್ರಕರಣವನ್ನು ಓದುಗರು ಮರೆತಿರಲಾರರು. ಮಾತೆ ಮಹಾದೇವಿಯವರು ಸಂಪಾದಿಸಿದ ಆ ಪುಸ್ತಕದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಬಂದಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆ ವಾದದ ಸರಿತಪ್ಪುಗಳು ಇಲ್ಲಿ ನಮಗೆ ಬೇಡ. ಅಂಕಿತವೆಂಬುದು ವಚನದ ರುಜು. ಒಂದು ಶಬ್ದ ಬದಲಾದರೆ ಜನ ಎಷ್ಟು ನೊಂದುಕೊಳ್ಳಬಲ್ಲರು, ವ್ಯಾಜ್ಯ ಎಷ್ಟು ವರ್ಷ ನಡೆಯಬಲ್ಲದು ಎಂಬುದನ್ನಷ್ಟೇ ಗಮನಿಸಬೇಕು. ಇಂದು ವಾಟ್ಸ್‌ಆ್ಯಪ್‌ನಲ್ಲಿ ಬೆಳಗಿನ ನಮಸ್ಕಾರದೊಂದಿಗೆ ಹರಿದುಬರುವ ವಚನಗಳಲ್ಲಿ ಅಕ್ಕನ ಅಂಕಿತ ಅಲ್ಲಮನಿಗೆ, ಇನ್ನಾರದೋ ಸಾಲು ಬಸವಣ್ಣನವರಿಗೆ ಅಂಟಿಕೊಂಡಿರುವುದುಂಟು. ಅಲ್ಲಿ ಇತಿಹಾಸದ ಗುಂಡಿಯಿಲ್ಲ. ಪಕ್ಕದಲ್ಲಿ ಮೂಲಪುಟದ ಚಿತ್ರವಿರುವ, ತಿದ್ದಿದವರ ಲೆಕ್ಕವಿರುವ ಒಂದು ಪಠ್ಯ ಎಲ್ಲರಿಗೂ ಎಟುಕುವಂತಿದ್ದರೆ, ಸಂಶಯ ಬಂದವರು ಕನಿಷ್ಠಪಕ್ಷ ಹೋಗಿ ನೋಡಬಹುದು.

ಒಂದೇ ಕಡೆ ಇಟ್ಟು ಎಲ್ಲ ಕಡೆಯಿಂದ ಬಳಸುವ ಈ ತತ್ತ್ವ ಪುಸ್ತಕಗಳಿಗೆ ಮಾತ್ರ ಸೀಮಿತವಲ್ಲ. 2023ರ ಮಾರ್ಚ್ 12ರಂದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಜಗತ್ತಿನಲ್ಲೇ ಉದ್ದವೆನಿಸಿದ್ದ ಗೋರಖಪುರದ 1366 ಮೀಟರಿನದು ಎರಡನೆಯ ಸ್ಥಾನಕ್ಕೆ ಇಳಿಯಿತು. ಈ ಅಂಕಿಯನ್ನು ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್ ಎಂದು ಪ್ರತಿಯೊಂದು ಭಾಷೆಯ ಲೇಖನದಲ್ಲಿ ಬೇರೆಬೇರೆಯಾಗಿ ತಿದ್ದುತ್ತ ಹೋದರೆ ಎಲ್ಲೋ ಒಂದೆಡೆ ಹಳೆಯದು ಉಳಿದೇ ಉಳಿಯುತ್ತದೆ. ಇಂಥ ಅಂಕಿಅಂಶಗಳಿಗಾಗಿಯೇ 2012ರಲ್ಲಿ ‘ವಿಕಿಡೇಟಾ’ ಎಂಬ ಸಾಮಾನ್ಯ ಕಣಜ ಮಾಡಿದರು. ಅಲ್ಲಿ ಒಮ್ಮೆ ತಿದ್ದಿದರೆ, ಅದರಿಂದ ಅಂಕಿ ಪಡೆಯುವ ಪುಟಗಳೆಲ್ಲವೂ ತಾವಾಗಿ ಬದಲಾಗುತ್ತವೆ. ಚಿತ್ರಗಳಿಗೂ ಹೀಗೆಯೇ ‘ಕಾಮನ್ಸ್’ ಎಂಬ ಭಂಡಾರವುಂಟು; ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಒಳ್ಳೆಯ ಫೋಟೋ ಒಂದನ್ನು ಅಲ್ಲಿ ಇಟ್ಟರೆ ಯಾವ ಭಾಷೆಯವರೂ ಅದನ್ನು ಕರೆದುಕೊಳ್ಳಬಹುದು.

ಇನ್ನು ಅಪ್ಪಣೆಯ ಮಾತು. 60 ವರ್ಷ ಕಾಯಬೇಕೆಂದರೆ ಲೆಕ್ಕ ದೀರ್ಘವಾಗುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳು ಸಾರ್ವಜನಿಕವಾಗುವುದು 2042ಕ್ಕೆ, ಶಂ. ಬಾ. ಜೋಶಿಯವರವು 2052ಕ್ಕೆ, ಗೋಕಾಕರವು 2053ಕ್ಕೆ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದ ಕಲಬುರ್ಗಿಯವರ ಬರಹಗಳಿಗೆ 2076ರವರೆಗೆ ಕಾಯಬೇಕು. ವಚನಗಳ ಮೇಲೆ ಯಾರ ಹಕ್ಕೂ ಇಲ್ಲ, ಅವು ಹನ್ನೆರಡನೆಯ ಶತಮಾನದವು. ಆದರೆ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿ, ಅರ್ಥವಿವರಣೆಗಳಿಗೆ ಹಕ್ಕು ಉಂಟು.

ಕಾಯದೆಯೇ ಬಿಟ್ಟುಕೊಡುವ ದಾರಿಯೂ ಒಂದಿದೆ. 2002ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮೊದಲಾದವರು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಹೆಸರಿನಲ್ಲಿ ಸಿದ್ಧ ಪರವಾನಗಿಗಳನ್ನು ಹೊರತಂದರು. ಹಕ್ಕು ಲೇಖಕನಲ್ಲೇ ಉಳಿಯುತ್ತದೆ. ಆದರೆ ಯಾರು ಬೇಕಾದರೂ, ಕೇಳದೆ, ಕೆಲವು ಷರತ್ತುಗಳ ಮೇಲೆ ಬಳಸಬಹುದೆಂದು ಅವನು ಮುಂಚಿತವಾಗಿಯೇ ಸಾರಿಬಿಡುತ್ತಾನೆ. ವಿಕಿಪೀಡಿಯ ಪಾಲಿಸುವ ಪರವಾನಗಿಯ ಷರತ್ತು ಸರಳ: ಮೂಲದವರ ಹೆಸರು ಹೇಳಬೇಕು, ಬದಲಾವಣೆ ಮಾಡಿದ್ದರೆ ತಿಳಿಸಬೇಕು, ಹೊಸದನ್ನೂ ಇದೇ ಷರತ್ತಿನ ಮೇಲೆ ಪರರಿಗೆ ಬಿಡಬೇಕು. ಮಾರಾಟಕ್ಕೂ ತಡೆಯಿಲ್ಲ. ಇಲ್ಲಿ ಅನೇಕರು ಹಿಂಜರಿದು, ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಇನ್ನೊಂದು ನಮೂನೆಯ ಪರವಾನಗಿ ಆರಿಸಿಕೊಳ್ಳುತ್ತಾರೆ. ಅವರ ಭಯ ಅರ್ಥವಾಗುವಂಥದ್ದೇ. ಆದರೆ ಆ ಒಂದು ಮಾತು ಸೇರಿಸಿದ ಕೂಡಲೇ ಪಠ್ಯ ವಿಕಿಪೀಡಿಯಕ್ಕೆ ಹೋಗಲಾರದು. ಪಠ್ಯಕ್ಕೆ ಅರ್ಥಕೋಶ ಜೋಡಿಸಿ ಹತ್ತು ರೂಪಾಯಿಗೆ ಮಾರುವ ಸಣ್ಣ ಪ್ರಕಾಶಕನೂ ಅದನ್ನು ಮುಟ್ಟುವಂತಿಲ್ಲ. ತಡೆಯಬೇಕೆಂದದ್ದು ದೊಡ್ಡ ಮೀನನ್ನು, ಸಿಕ್ಕಿಬೀಳುವವು ಸಣ್ಣವು.

ಕನ್ನಡದಲ್ಲಿ ಧೈರ್ಯ ಮಾಡಿದವರಿದ್ದಾರೆ. ಕಯ್ಯೂರಿನ ರೈತರ ಕಥೆಯಾದ ‘ಚಿರಸ್ಮರಣೆ’ ಬರೆದ ನಿರಂಜನರು ತೀರಿಕೊಂಡದ್ದು 1992ರಲ್ಲಿ. ಅವರ ವಾರಸುದಾರರು ಕಾಯಿದೆಯ ಅವಧಿಗೆ ಕಾಯದೆ ಅವರ ಕೃತಿಗಳನ್ನು ಈ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾಲಯವು 14 ಸಂಪುಟಗಳ ತನ್ನ ‘ಕನ್ನಡ ವಿಶ್ವಕೋಶ’ವನ್ನು 2014ರಲ್ಲಿ ಹೀಗೆಯೇ ತೆರೆಯಲು ಒಪ್ಪಿತು. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು ಒಂದೂವರೆ ಲಕ್ಷ ಶಬ್ದಗಳದ್ದು, 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಮುಕ್ತವಾಗಿ ಹೊರಬಂದಿತು. ಅದರ ದತ್ತಾಂಶವನ್ನೇ ಇಳಿಸಿಕೊಂಡು ಬೇರೆಯವರು ತಮ್ಮ ಉಪಕರಣಗಳಲ್ಲಿ ಅಳವಡಿಸಿಕೊಳ್ಳಬಹುದು. ಧಾರವಾಡದಲ್ಲಿಯೂ ಕೆಲಕಾಲ ಇದ್ದ ಕಿಟೆಲ್ಲರ 1894ರ ನಿಘಂಟಿನ ನಂತರ ಇಂಥದೊಂದು ಏಕಾಂಗಿ ಸಾಹಸ, ಅದೂ ಹೀಗೆ ಬಾಗಿಲು ತೆರೆದಿಟ್ಟದ್ದು, ಕನ್ನಡದ ಭಾಗ್ಯ.

ನಮ್ಮ ಅವಳಿ ನಗರದ ಕಪಾಟುಗಳಲ್ಲಿ ಏನೇನಿದೆಯೆಂದು ಯೋಚಿಸಿದರೆ ಕೆಲಸದ ಗಾತ್ರ ತಿಳಿಯುತ್ತದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, ಅದು ಹೊರಡಿಸಿದ ‘ವಾಗ್ಭೂಷಣ’ವಿದೆ, ಆಲೂರರ ‘ಜಯಕರ್ನಾಟಕ’ವಿದೆ. 1920ರಲ್ಲಿ ತೀರಿಕೊಂಡ ಶಾಂತಕವಿಗಳ ನಾಟಕಗಳೂ 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿಗಳೂ ಎಂದೋ ಸಾರ್ವಜನಿಕರ ಸೊತ್ತಾಗಿವೆ. ಅವಕ್ಕೆ ಬೇಕಾದದ್ದು ಸ್ಕ್ಯಾನರ್, ತಿದ್ದುವ ಕಣ್ಣು, ಒಂದಿಷ್ಟು ಸಂಜೆಗಳು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆ ಪಠ್ಯವಿಷಯವೇ ಆಗಿರುವಾಗ, ಒಬ್ಬೊಬ್ಬರು ವರ್ಷಕ್ಕೆ ಐವತ್ತು ಪುಟಗಳನ್ನು ಹಸಿರು ಮಾಡಿದರೆ ಅದೇ ಪ್ರಾಯೋಗಿಕ ಪರೀಕ್ಷೆಯಾಗಬಾರದೇಕೆ?

ಹಕ್ಕು ಇನ್ನೂ ಉಳಿದಿರುವ ಪುಸ್ತಕಗಳ ಪೈಕಿ ತುರ್ತಾದವು 1990 ಮತ್ತು 2000ರ ದಶಕದವು. ಅವುಗಳ ಪೇಜ್‌ಮೇಕರ್ ಕಡತಗಳು ಅಚ್ಚುಕೂಟಗಳ ಮೂಲೆಯಲ್ಲಿ, ಲೇಖಕರ ಮನೆಯ ಮೇಜಿನ ಖಾನೆಯಲ್ಲಿ, ಸಿಡಿಗಳಲ್ಲಿ ಫ್ಲಾಪಿಗಳಲ್ಲಿ ಬಿದ್ದಿವೆ. ಫ್ಲಾಪಿಯನ್ನು ಓದುವ ಯಂತ್ರವೇ ಅಪರೂಪವಾಗಿದೆ, ಸಿಡಿಯ ಲೇಪ ಕಳಚುತ್ತಿದೆ, ಯಾವ ಫಾಂಟಿನಲ್ಲಿ ಬೆರಳಚ್ಚಿಸಲಾಗಿತ್ತೆಂದು ಬಲ್ಲ ಡಿಟಿಪಿ ಕೆಲಸಗಾರರು ನಿವೃತ್ತರಾಗುತ್ತಿದ್ದಾರೆ. ನೂರು ವರ್ಷ ಹಳೆಯ ‘ವಚನಶಾಸ್ತ್ರಸಾರ’ವನ್ನು ಇವತ್ತೂ ಓದಬಹುದು, ಇಪ್ಪತ್ತೈದು ವರ್ಷ ಹಳೆಯ ಕಡತವನ್ನು ತೆರೆಯುವುದು ಕಷ್ಟ. ಇಂಥ ಪುಸ್ತಕದ ಲೇಖಕರೋ ವಾರಸುದಾರರೋ ಆಗಿರುವವರು ಮಾಡಬೇಕಾದದ್ದು ದೊಡ್ಡದೇನಲ್ಲ. ಆ ಡಿಸ್ಕನ್ನು ಹುಡುಕಿ ಪ್ರತಿ ಮಾಡಿಸಿ, ಬಳಸಿದ ಫಾಂಟಿನ ಹೆಸರನ್ನು ಅದರ ಮೇಲೆ ಬರೆದಿಡಬೇಕು. ಬಿಟ್ಟುಕೊಡುವ ಮನಸ್ಸಿದ್ದರೆ, ಪುಸ್ತಕದ ಹೆಸರು, ಪರವಾನಗಿಯ ಪೂರ್ಣ ಹೆಸರು, ದಿನಾಂಕ, ಎಲ್ಲ ಹಕ್ಕುದಾರರ ಸಹಿ ಇರುವ ಒಂದು ಪುಟದ ಪತ್ರವನ್ನು ಅದರ ಜೊತೆಗಿಡಬೇಕು.